ಬ್ಲ್ಯಾಕ್ ವಾಲ್‌ನಟ್ ಸೌದೆ ಒಲೆಗೆ ಹಾಕ್ಬೋದಾ?

ಅಮೆರಿಕದ ಓಹಾಯೋದಲ್ಲಿರೋ ನಮ್ಮ ಭಾವ ಫೋನ್ ಮಾಡಿ, ಹಿತ್ತಲಲ್ಲಿ ಬ್ಲ್ಯಾಕ್ ವಾಲ್‌ನಟ್ ಅನ್ನೋ ಅಕ್ರೋಟ್ ಜಾತಿ ಮರ ಬಿದ್ದಿದೆ ಸೌದೆ ಮಾಡ್ಲಾ ಅಂತ ಕೇಳಿದ್ರು, ಮನೇಲಿ ಇನ್ನೂ ಹಂಡೆ ಒಲೆಗೆ ಬೆಂಕಿ ಹಾಕೋಳು ಗೋವಾದ ಪೋಂಡಾದಲ್ಲಿರೋ ನಾನೊಬ್ಳೇ ಅಲ್ವಾ.

ದಿಮ್ಮಿ ದಪ್ಪಗೆ ನೇರವಾಗಿದ್ರೆ ಸುಡಲೇಬೇಡಿ ಭಾವ, ಫರ್ನಿಚರ್‌ಗೆ ಒಳ್ಳೆ ರೇಟ್ ಸಿಗುತ್ತೆ ಅಂದೆ. ಕೊಂಬೆ, ಸೊಟ್ಟ ತುಂಡು ಮಾತ್ರ ಒಲೆಗೆ. ಸೀಳೋದು ಸುಲಭ, ಆದ್ರೆ ಓಕ್, ಹಿಕರಿ ಮರದಷ್ಟು ಕಾವು ಬರಲ್ಲ, ಬೂದಿನೂ ಜಾಸ್ತಿ. ಹಸಿ ಸೌದೆ ಹಾಕಿದ್ರೆ ತುದೀಲಿ ನೊರೆ ಬಂದು ಚುಂಯ್ ಅನ್ನುತ್ತೆ, ಚಿಮಣಿ ತುಂಬ ಕರಿ ಅಂಟುತ್ತೆ, ಅದಕ್ಕೆ ಸೀಳಿ, ಮೇಲೆ ಮಾತ್ರ ಮುಚ್ಚಿ, ಪಕ್ಕದಲ್ಲಿ ಗಾಳಿ ಆಡೋಕೆ ಬಿಟ್ಟು, ತೇವ 20 ಪರ್ಸೆಂಟ್‌ಗಿಂತ ಕೆಳಗೆ ಬರೋವರೆಗೂ ಒಣಗಿಸ್ಬೇಕು, ವರ್ಷ ಹಿಡಿದ್ರೂ ಹಿಡೀತು.

ಜುಗ್ಲೋನ್ ಅನ್ನೋ ವಿಷ ಇದೆ ಅಂತ ಭಾವಂಗೆ ಭಯ. ಅದು ಟೊಮೆಟೊ ಗಿಡಕ್ಕೆ ಆಗಲ್ಲ, ಈ ಮರ ಕೊಯ್ದ ಹೊಟ್ಟು ಲಾಯದಲ್ಲಿ ಹಾಸಿದ್ರೆ ಕುದುರೆ ಕಾಲು ಊದುತ್ತೆ, ಒಲೇಲಿ ಉರಿಸೋಕೆ ಏನೂ ತೊಂದ್ರೆ ಇಲ್ಲ. ನಿಜವಾಗ್ಲೂ ಹೆದರ್ಬೇಕಾಗಿದ್ದು ನಮ್ಮ ಗೋವಾದ ಗೇರುಬೀಜದ ಸಿಪ್ಪೆಗೆ, ಅದರ ಎಣ್ಣೆ ಹೊಗೆ ಕಣ್ಣು ಗಂಟಲು ಎಲ್ಲಾ ಉರಿಸಿಬಿಡುತ್ತೆ!

ಬೆಂಕಿ ಹಚ್ಚೋಕೆ ತೆಂಗಿನ ಚಿಪ್ಪಿಗಿಂತ ಒಳ್ಳೇದು ಇಲ್ಲ, ಪಾಪ ಭಾವಂಗೆ ಅಲ್ಲೆಲ್ಲಿ ಸಿಗ್ಬೇಕು.