ಡಿಕ್ಕಿಯಿಂದಲೇ ಡಿಕ್ಕಿ

"ಓಡೋ ಗಾಡೀನ ಯಾಕೋ ಒಡೀತೀಯ?"

ಅಪ್ಪ ಫೋನಿನಲ್ಲಿ ಕೇಳಿದ್ದು ಇಷ್ಟೇ. ಆಮೇಲೆ ಮಳೆ ಬಂತಾ, ಮಗು ಊಟ ಮಾಡ್ತಾಳಾ ಅಂತ ಮಾತು ತಿರುಗಿಸಿದರು. ಬೇಜಾರಾಗಿದೆ ಅಂತ ಗೊತ್ತಾಯಿತು. ಅರಸೀಕೆರೆಯಲ್ಲಿ ನಲವತ್ತು ವರ್ಷ ಗ್ಯಾರೇಜು ನಡೆಸಿದವರು ಅವರು. ಕೆಳಗೆ ಬಿದ್ದ ನಟ್ಟು, ಬೋಲ್ಟು ಒಂದನ್ನೂ ಬಿಸಾಡದೆ ಹಳೇ ಬೋರ್ನ್‌ವಿಟಾ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಒಳಗೆ ಏನು ಕೆಟ್ಟಿದೆ ಅಂತ ಹೇಳಿಬಿಡುತ್ತಿದ್ದರು. ಅಂಥವರ ಮಗ ಚೆನ್ನಾಗಿ ಸ್ಟಾರ್ಟ್ ಆಗುವ ಕಾರನ್ನು ಬೇಕಂತಲೇ ಗುದ್ದಿ ಹಾಳು ಮಾಡ್ತೀನಿ ಅಂದರೆ ಅವರಿಗೆ ಹೇಗಾಗಬೇಕು ಹೇಳಿ.

ನಾವಿರುವುದು ಅಮೆರಿಕದ ಒಹಾಯೋ ರಾಜ್ಯದ ಒಂದು ಸಣ್ಣ ಊರಲ್ಲಿ. ಸುತ್ತ ಮುಸುಕಿನ ಜೋಳದ ಹೊಲ, ಸೋಯಾ ಹೊಲ. ಪ್ರತಿ ಬೇಸಿಗೆಯಲ್ಲಿ ಇಲ್ಲಿ ಕೌಂಟಿ ಫೇರ್ ನಡೆಯುತ್ತದೆ. ನಮ್ಮ ಕಡೆಯ ದನಗಳ ಜಾತ್ರೆ ಇದ್ದ ಹಾಗೆ. ಶಾಲೆಯ ಮಕ್ಕಳು ತಾವೇ ಸಾಕಿದ ಹಂದಿ, ಕುರಿ, ಕರುಗಳನ್ನು ತಂದು ತೋರಿಸುತ್ತಾರೆ. ತಿಂಡಿ ಅಂಗಡಿ, ತಿರುಗುವ ತೊಟ್ಟಿಲು ಎಲ್ಲ ಇರುತ್ತದೆ. ಒಂದು ಸಂಜೆ ಮಾತ್ರ ಜನ ಜಾಸ್ತಿ. ಅವತ್ತು ಡೆಮಾಲಿಷನ್ ಡರ್ಬಿ. ಮಣ್ಣಿನ ಅಂಗಳಕ್ಕೆ ನೀರು ಹೊಡೆದು ಕೆಸರು ಮಾಡುತ್ತಾರೆ. ಯಾರೂ ತೀರಾ ವೇಗವಾಗಿ ಹೋಗಬಾರದು ಅಂತ. ಅದರೊಳಗೆ ಹತ್ತಾರು ಹಳೇ ಕಾರು ಬಿಡುತ್ತಾರೆ. ಒಂದಕ್ಕೊಂದು ಗುದ್ದಬೇಕು. ಕೊನೆಗೆ ಯಾವುದು ಇನ್ನೂ ಅಲ್ಲಾಡುತ್ತಿದೆಯೋ ಅದಕ್ಕೆ ಗೆಲುವು.

ಮೊದಲೆಲ್ಲ ಇದು ದೊಡ್ಡ ಅಮೆರಿಕನ್ ಕಾರುಗಳ ಆಟ. 1964ರಿಂದ 66ರವರೆಗಿನ ಕ್ರೈಸ್ಲರ್ ಇಂಪೀರಿಯಲ್ ಎಷ್ಟು ಗಟ್ಟಿ ಅಂದರೆ ಎಷ್ಟೋ ಕಡೆ ಅದನ್ನು ಒಳಗೆ ಬಿಡುವುದೇ ಇಲ್ಲ. ಅಂಥ ಕಾರುಗಳು ಗುದ್ದಿ ಗುದ್ದಿ ಮುಗಿಯುತ್ತಾ ಬಂದವು. ಚಾಸಿಯ ಮೇಲೆ ಬಾಡಿ ಕೂರಿಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾದ ತಯಾರಿಕೆ ಕೂಡ 2011ಕ್ಕೆ ನಿಂತಿತು. ಈಗ ಊರೂರಲ್ಲಿ ಸುಲಭಕ್ಕೆ ಸಿಗುವುದು ನಾಲ್ಕು ಸಿಲಿಂಡರಿನ ಸಣ್ಣ ಕಾರುಗಳು. ಸಿವಿಕ್, ಸೆಂಟ್ರಾ, ಕೊರೊಲ್ಲಾ. ಹಾಗಾಗಿ ಸಣ್ಣ ಕಾರುಗಳಿಗೇ ಒಂದು ಬೇರೆ ಪಂದ್ಯ.

ಪಕ್ಕದ ಮನೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿ ನಿವೃತ್ತರಾದವರೊಬ್ಬರು ಇದ್ದಾರೆ. ನನ್ನ ಮಗಳು ಅವರನ್ನು ತಾತ ಅಂತಲೇ ಕರೆಯುತ್ತಾಳೆ, ಅವರೂ ಆ ಹೆಸರಿಗೆ ತಿರುಗಿ ನೋಡುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಅವರ ಹೆಂಡತಿ ಓಡಿಸುತ್ತಿದ್ದ 1995ರ ಕೊರೊಲ್ಲಾ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಗಡಿಯಾರದ ಹಾಗಿತ್ತು. ತಳ ಮಾತ್ರ ಹೋಗಿತ್ತು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಕಾರಿನ ಹೊಟ್ಟೆಯನ್ನು ತಿನ್ನುತ್ತಾ ಬರುತ್ತದೆ. ಜಾಕ್ ಕೊಟ್ಟರೆ ಕಾರು ಏಳುತ್ತಿರಲಿಲ್ಲ, ಜಾಕೇ ತಗಡು ತೂರಿ ಒಳಗೆ ಹೋಗುತ್ತಿತ್ತು. ರಸ್ತೆಗೆ ಇಳಿಸುವ ಹಾಗಿರಲಿಲ್ಲ. ಗುಜರಿಗೆ ಹಾಕಬೇಕು, ಇಲ್ಲ ಡರ್ಬಿಗೆ ತಯಾರು ಮಾಡಬೇಕು.

"ನನ್ನ ಕುತ್ತಿಗೆ ಈಗ ತಿರುಗೋದಿಲ್ಲ. ಓಡಿಸೋದು ನೀನು" ಅಂದರು ತಾತ.

ಕುತ್ತಿಗೆಗೂ ಇದಕ್ಕೂ ಏನು ಸಂಬಂಧ ಅಂತ ನನಗೆ ಆಗ ಹೊಳೆಯಲಿಲ್ಲ.

ಮೊದಲು ಟೇಪು ಹಿಡಿದೆವು. ನಮ್ಮ ಫೇರ್‌ನಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 105 ಇಂಚು ಮೀರುವ ಹಾಗಿಲ್ಲ. ಕೊರೊಲ್ಲಾದ್ದು 97. ತೊಂಬತ್ತರ ದಶಕದ ಹೋಂಡಾ ಅಕಾರ್ಡ್ ಎರಡಿಂಚು ಜಾಸ್ತಿಯಾಗಿ ಹೊರಗುಳಿಯುತ್ತದೆ. ಅಳೆಯುವಾಗ ಡ್ಯಾಶ್‌ಬೋರ್ಡಿನ ಮೇಲಿನ ಚಾಸಿ ನಂಬರ್ ಕಣ್ಣಿಗೆ ಬಿತ್ತು. 2ಟಿ1 ಅಂತ ಶುರು. ಅಂದರೆ ಈ ಜಪಾನಿ ಕಾರು ಹುಟ್ಟಿದ್ದು ಕೆನಡಾದ ಒಂಟಾರಿಯೊದಲ್ಲಿ, ನಮ್ಮಿಂದ ಒಂದು ದಿನದ ದಾರಿ.

ಡರ್ಬಿಗೆ ಕಾರು ಕಟ್ಟುವುದು ಅಂತ ಎಲ್ಲರೂ ಹೇಳುತ್ತಾರೆ. ನಾವು ಮೂರು ವಾರ ಮಾಡಿದ್ದು ಹೆಚ್ಚುಪಾಲು ಬಿಚ್ಚುವ ಕೆಲಸ. ಗಾಜೆಲ್ಲ ಹೋಗಬೇಕು. ಬಾಗಿಲೊಳಗೆ ಇಳಿಸಿದರೆ ಸಾಲದು, ಹೊರಗೇ ತೆಗೆಯಬೇಕು. ದೀಪಗಳು, ಪ್ಲಾಸ್ಟಿಕ್ಕಿನ ಬಂಪರ್ ಕವರ್, ಹಿಂದಿನ ಸೀಟು, ಕಾರ್ಪೆಟ್ಟು, ಏರ್‌ಬ್ಯಾಗು. ಒಂದೊಂದನ್ನು ತೆಗೆದಾಗಲೂ ನಾನು ಅಂದುಕೊಳ್ಳುತ್ತಿದ್ದೆ, ಇದಿಲ್ಲದೆಯೂ ಓಡುತ್ತದಾ? ಸಂಜೆ ತಾತ ಕೀ ತಿರುಗಿಸುತ್ತಿದ್ದರು. ಓಡುತ್ತಿತ್ತು. ಅಪ್ಪನ ಗ್ಯಾರೇಜಿನಲ್ಲೇ ಬೆಳೆದರೂ ಒಂದು ಕಾರು ಬದುಕಿರಲು ಎಷ್ಟು ಕಡಿಮೆ ಸಾಕು ಅಂತ ನಾನು ನೋಡಿದ್ದು ಈ ಶೆಡ್ಡಿನಲ್ಲೇ. ಒಳಗಿನ ಕನ್ನಡಿಯನ್ನು ಅಜ್ಜಿ ಎತ್ತಿಟ್ಟುಕೊಂಡರು. ಯಾಕೆ ಅಂತ ನಾವು ಕೇಳಲಿಲ್ಲ.

ಕಷ್ಟ ಕೊಟ್ಟಿದ್ದು ಪೆಟ್ರೋಲು. ಟ್ಯಾಂಕು ಇರುವುದು ಹಿಂದಿನ ಸೀಟಿನ ಕೆಳಗೆ. ಗುದ್ದಾಟದಲ್ಲಿ ಅದು ಒಡೆದರೆ ಬೆಂಕಿ. ಅದಕ್ಕೇ ಟ್ಯಾಂಕನ್ನು ಪೂರ್ತಿ ತೆಗೆದು, ಡ್ರೈವರ್ ಸೀಟಿನ ಹಿಂದೆ ದೋಣಿಗಳಲ್ಲಿ ಬಳಸುವಂಥ ಸಣ್ಣ ಟ್ಯಾಂಕನ್ನು ನೆಲಕ್ಕೆ ಬಿಗಿದು ಕಟ್ಟಬೇಕು. ಕೊರೊಲ್ಲಾದ ಪಂಪು ಹಳೇ ಟ್ಯಾಂಕಿನ ಒಳಗೇ ಇತ್ತು. ಅದರ ಜೊತೆ ಅದೂ ಹೋಯಿತು. ನಾನು ಅಂಗಡಿಗೆ ಹೋಗಿ ಒಂದು ಎಲೆಕ್ಟ್ರಿಕ್ ಪಂಪು ತಂದು ಹಾಕಿದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಒಂದು ಕ್ಷಣ ಉಸಿರೆಳೆಯುತ್ತದೆ, ಸತ್ತು ಹೋಗುತ್ತದೆ. ಎರಡು ಸಂಜೆ ಇದೇ ಆಯಿತು. ಪ್ಲಗ್ಗು ನೋಡಿದೆವು, ವೈರು ನೋಡಿದೆವು. ತಪ್ಪು ನನ್ನದೇ. ನಾನು ತಂದಿದ್ದು ಕಾರ್ಬ್ಯುರೇಟರ್ ಗಾಡಿಗಳ ಪಂಪು. ಅದು ಕೊಡುವ ಒತ್ತಡ ಐದಾರು ಪಿಎಸ್‌ಐ. ಕೊರೊಲ್ಲಾದಲ್ಲಿ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳಿಗೆ 40ರ ಹತ್ತಿರ ಬೇಕು. ಸರಿಯಾದ ಪಂಪು ತಂದು, ಉಳಿದ ಪೆಟ್ರೋಲು ಟ್ಯಾಂಕಿಗೆ ವಾಪಸ್ ಬರಲು ಇನ್ನೊಂದು ಪೈಪು ಎಳೆದ ಮೇಲೆ ಎಂಜಿನ್ ನೆಟ್ಟಗೆ ಓಡತೊಡಗಿತು. ಅವತ್ತು ರಾತ್ರಿ ನನಗೆ ಆದ ಖುಷಿ ಡರ್ಬಿಯ ದಿನವೂ ಆಗಲಿಲ್ಲ ಅನ್ನಬೇಕು.

ಬ್ಯಾಟರಿಯನ್ನು ಪಕ್ಕದ ಸೀಟಿನ ಜಾಗದಲ್ಲಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿ, ಮೇಲೆ ರಬ್ಬರ್ ಹೊದಿಸಿದೆವು. ಸೀಟಿನ ಹಿಂದೆ ಅಡ್ಡಕ್ಕೆ ಒಂದು ಗಟ್ಟಿ ಪೈಪು. ಬಾಗಿಲುಗಳಿಗೆಲ್ಲ ಸರಪಳಿ. ಡ್ರೈವರ್ ಬಾಗಿಲಿಗೆ ವೆಲ್ಡಿಂಗು, ಮೇಲೆ ಬಿಳಿ ಬಣ್ಣ. ಆ ಬಿಳಿ ಬಾಗಿಲಿಗೆ ಯಾರೂ ಗುದ್ದಬಾರದು, ಗುದ್ದಿದರೆ ಆಟದಿಂದ ಹೊರಗೆ. ರೇಡಿಯೇಟರಿನಲ್ಲಿ ಕೂಲೆಂಟ್ ಇರಬಾರದು, ಬರೀ ನೀರು. ಉಳಿದ ಮೈಗೆಲ್ಲ ಮಗಳು ಅರಿಶಿನ, ಕೆಂಪು ಬಳಿದಳು. ತಾತ "ಇದೇನು ಬಣ್ಣ" ಅಂದರೆ "ನಮ್ಮ ಬಾವುಟ" ಅಂದಳು.

ಇನ್ನೊಂದು ಮಾತು. ಇಂಥ ಕಾರುಗಳಲ್ಲಿ ಎಂಜಿನ್ನು, ಗೇರ್‌ಬಾಕ್ಸು, ಚಕ್ರ ತಿರುಗಿಸುವ ಆಕ್ಸಲ್ಲು, ರೇಡಿಯೇಟರು ಎಲ್ಲ ಮೂತಿಯಲ್ಲೇ ಇರುತ್ತವೆ. ಮೂತಿ ಹೋದರೆ ಕಾರು ಹೋಯಿತು. ಹಿಂಭಾಗದಲ್ಲಿ ಇರುವುದು ಬರೀ ಖಾಲಿ ಡಿಕ್ಕಿ. ಹಾಗಾಗಿ ಆಟವಿಡೀ ರಿವರ್ಸ್‌ನಲ್ಲೇ. ನಮ್ಮ ಭಾಷೆಯಲ್ಲಿ ಮಾತ್ರ ಇದಕ್ಕೆ ಎಂಥ ಚಂದದ ಜೋಡಿ ಇದೆ ನೋಡಿ, ಡಿಕ್ಕಿ ಹೊಡೆಯುವುದೇ ಡಿಕ್ಕಿಯಿಂದ! ತಾತನಿಗೆ ಬಿಡಿಸಿ ಹೇಳಿದೆ. ಅವತ್ತಿಂದ ಅವರು ಇಂಗ್ಲಿಷ್ ಮಾತಿನ ಮಧ್ಯೆಯೂ ಡಿಕ್ಕಿ ಅಂತಲೇ ಅನ್ನತೊಡಗಿದರು. ಕುತ್ತಿಗೆಯ ವಿಷಯವೂ ಆಗಲೇ ಅರ್ಥವಾಗಿದ್ದು.

ಆ ಶನಿವಾರ ಮಧ್ಯಾಹ್ನ ಮೂರಕ್ಕೇ ತಪಾಸಣೆ. ಒಬ್ಬರು ಬಾನೆಟ್ ಎತ್ತಿಸಿ, ಬೆಲ್ಟು ಜಗ್ಗಿ, ಟ್ಯಾಂಕು ಅಲ್ಲಾಡಿಸಿ ನೋಡಿದರು. ಬೆಂಕಿ ಬಿದ್ದರೆ ನಂದಿಸಲು ಬಾನೆಟ್ಟಿನಲ್ಲಿ ತೂತು ಇರಬೇಕು. ನಮ್ಮದು ಸಣ್ಣದಾಯಿತು ಅಂದರು. ಪಕ್ಕದಲ್ಲಿ ಸೆಂಟ್ರಾ ತಂದಿದ್ದ ಹುಡುಗ ಕೇಳುವ ಮೊದಲೇ ತನ್ನ ಕಟಿಂಗ್ ಮೆಷಿನ್ ಕೊಟ್ಟ. ಇನ್ನು ನಾಲ್ಕು ಗಂಟೆ ಕಳೆದರೆ ನನ್ನ ಕಾರಿನ ಮೂತಿ ಒಡೆಯಲು ಬರುವವನು ಅವನೇ. ಇಲ್ಲಿ ಎಲ್ಲರೂ ಹಾಗೇ ಇದ್ದರು. ಒಬ್ಬರಿಗೆ ಬೋಲ್ಟು, ಒಬ್ಬರಿಗೆ ಟೈರು, ಓಡಾಡಿ ಕೊಡುತ್ತಿದ್ದರು.

ಏಳೂವರೆಗೆ ಸಣ್ಣ ಕಾರುಗಳ ಸರದಿ. ಹನ್ನೊಂದು ಕಾರು. ಎರಡು ಸಾಲಾಗಿ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿದರು. ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ಜನ ಎದ್ದು ನಿಂತು ಐದರಿಂದ ಹಿಂದಕ್ಕೆ ಎಣಿಸಿದರು.

ಮೊದಲ ಗುದ್ದು ಬಿದ್ದಾಗ ನೋವೇ ಆಗಲಿಲ್ಲ. ಹಿಂದಕ್ಕೆ ಹೋಗಿ ಗುದ್ದಿದರೆ ಮೈ ಸೀಟಿಗೆ ಒತ್ತಿಕೊಳ್ಳುತ್ತದೆ ಅಷ್ಟೇ. ಸದ್ದು ಮಾತ್ರ ಹೊಟ್ಟೆಯೊಳಗೆ ಕೇಳಿಸುತ್ತದೆ. ಒಂದು ನಿಮಿಷಕ್ಕೊಮ್ಮೆಯಾದರೂ ಯಾರಿಗಾದರೂ ಗುದ್ದಲೇಬೇಕು, ಇಲ್ಲದಿದ್ದರೆ ಹೊರಗೆ. ತಿರುಗಿ ನೋಡು, ಜಾಗ ಹುಡುಕು, ಆಕ್ಸಿಲರೇಟರ್ ಒತ್ತು. ಸಿವಿಕ್ ಒಂದರ ಮುಂದಿನ ಚಕ್ರಕ್ಕೆ ಸರಿಯಾಗಿ ಬಿದ್ದೆ. ಅದರ ಚಕ್ರ ಒಳಕ್ಕೆ ಮಡಚಿಕೊಂಡಿತು. ನಮ್ಮ ಡಿಕ್ಕಿ ಅಷ್ಟು ಹೊತ್ತಿಗೆ ಹಪ್ಪಳದ ಹಾಗೆ ಮುದುಡಿ ಮೇಲೆದ್ದಿತ್ತು.

ಐದನೇ ನಿಮಿಷ ಇರಬೇಕು, ಆ ಸೆಂಟ್ರಾ ಹುಡುಗ ಎದುರಿನಿಂದ ಬಂದ. ಬೆಲ್ಟು ಎದೆಗೆ ಕಚ್ಚಿತು. ಬಿಸಿ ಹಬೆ ಮುಖದ ಮುಂದೆಲ್ಲ ತುಂಬಿಕೊಂಡಿತು. ರೇಡಿಯೇಟರ್ ಹೋಯಿತು. ಗಾಜಿಲ್ಲದ ಕಾರು, ಗಾಳಿಗೆ ಹಬೆ ಸರಿದ ಮೇಲೆ ನೋಡುತ್ತೇನೆ, ಎಂಜಿನ್ ಇನ್ನೂ ನಿಂತಿಲ್ಲ. ನೀರಿಲ್ಲ, ಓಡುತ್ತಿದೆ. ಗೋಡೆಯಾಚೆ ತಾತ ಎರಡೂ ಕೈ ಬೀಸಿ ಹೋಗು ಹೋಗು ಅನ್ನುತ್ತಿದ್ದರು. ಹೋದೆ. ಎಂಜಿನ್ನಿನ ಸದ್ದು ಬದಲಾಗುತ್ತಿತ್ತು, ಒರಟಾಗುತ್ತಿತ್ತು. ಕಾದ ಕಬ್ಬಿಣದ ವಾಸನೆ. ಚಿಕ್ಕಂದಿನಿಂದ ಕಲಿತದ್ದೆಲ್ಲ "ಆಫ್ ಮಾಡು" ಅನ್ನುತ್ತಿತ್ತು. ಆಮೇಲೂ ನಾಲ್ಕು ನಿಮಿಷ ಅದು ನನ್ನ ಜೊತೆ ನಿಂತಿತು. ಕೊನೆಗೆ ಒಂದು ಪೆಟ್ಟಿಗೆ ಎಡಗಡೆಯ ಆಕ್ಸಲ್ ಗೇರ್‌ಬಾಕ್ಸಿನಿಂದ ಕಿತ್ತುಕೊಂಡು ಬಂತು. ಎಂಜಿನ್ ಕಿರುಚುತ್ತದೆ, ಕಾರು ಕದಲುವುದಿಲ್ಲ. ಕಿಟಕಿಯ ಪಕ್ಕ ಕಟ್ಟಿದ್ದ ಕೋಲನ್ನು ಮುರಿದೆ. ಸೋತೆ ಅಂತ ಹೇಳುವುದು ಹಾಗೆ. ಆಗ ಓಡುತ್ತಿದ್ದವು ಇನ್ನೆರಡೇ.

ಮೂರನೇ ಸ್ಥಾನದ ಸಣ್ಣ ಟ್ರೋಫಿಯನ್ನು ಅಜ್ಜಿಯ ಕೈಗೆ ಕೊಟ್ಟೆವು. ಅವರದೇ ಕಾರು ತಾನೇ. ಅವರು ಅರಿಶಿನ ಬಣ್ಣದ ಛಾವಣಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ನನ್ನ ಕುತ್ತಿಗೆ ಹೇಗಿದೆ ಅಂತ ವಿಚಾರಿಸಿದರು.

ರಾತ್ರಿ ಹತ್ತೂವರೆಗೆ ಟ್ರೈಲರ್ ಮೇಲೆ ಕಾರು ಮನೆಗೆ ಬಂತು. ಊರಲ್ಲಿ ಬೆಳಗ್ಗೆ ಎಂಟು ಗಂಟೆ. ಅಪ್ಪ ಕಾಫಿ ಕುಡಿಯುವ ಹೊತ್ತು. ವಿಡಿಯೊ ಕಾಲ್ ಮಾಡಿ ಕಾರು ತೋರಿಸಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

"ಸ್ಟಾರ್ಟ್ ಆಗತ್ತಾ?" ಅಂದರು ಕೊನೆಗೆ.

ನಾನು ತಾತನ ಮುಖ ನೋಡಿದೆ. ಅವರು ಬೇರೆ ಪೈಪು ಸಿಕ್ಕಿಸಿ ಎಂಜಿನ್ನಿಗೆ ಹೇಗೋ ನೀರು ತುಂಬಿಸಿ, ಕೀ ತಿರುಗಿಸಿದರು. ಎರಡನೇ ಸಲಕ್ಕೆ ಹಿಡಿಯಿತು. ಕುಂಟುತ್ತಾ, ನಡುಗುತ್ತಾ.

"ಫೋನು ಹತ್ತಿರ ಹಿಡಿ. ಇನ್ನೂ ಹತ್ತಿರ." ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. "ಮಿಸ್ಸಿಂಗ್ ಹೊಡೀತಿದೆ. ಎಷ್ಟು ಹೊತ್ತು ಓಡಿಸಿದೆ ನೀರಿಲ್ದೆ?"

"ನಾಲ್ಕು ನಿಮಿಷ, ಅಪ್ಪ."

"ನಾಲ್ಕು ನಿಮಿಷಾನಾ?" ಅಂದರು. ಮತ್ತೆ ಕೇಳಿಸಿಕೊಂಡರು. "ಪಕ್ಕಪಕ್ಕದ ಎರಡು ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಹೊಡೆದಿರ್ಬೇಕು. ಬ್ಲಾಕ್ ಕಬ್ಬಿಣದ್ದು ಅಲ್ವಾ? ಅದಕ್ಕೇನೂ ಆಗಿರಲ್ಲ. ಹೆಡ್ಡು ಅಲ್ಯೂಮಿನಿಯಂ, ಬಾಗಿರತ್ತೆ. ಗುಜರಿಗೆ ಹಾಕೋಕ್ ಮುಂಚೆ ಎಂಜಿನ್ ಇಳಿಸ್ಕೊಳ್ಳಿ. ಹೆಡ್ಡು ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿದ್ರೆ ಮುಂದಿನ ವರ್ಷ ಇನ್ನೊಂದು ಗಾಡಿಗೆ ಆಗತ್ತೆ."

ನಾನು ಕನ್ನಡದಿಂದ ಇಂಗ್ಲಿಷಿಗೆ ಹೇಳುತ್ತಾ ಹೋದೆ. ತಾತ ತಲೆಯಾಡಿಸುತ್ತಾ ಆಗಲೇ ಸ್ಪ್ಯಾನರ್ ಡಬ್ಬಿ ಎಳೆದುಕೊಂಡಿದ್ದರು.

"ಈಗಲೇ ಕೈ ಹಾಕ್ಬೇಡಿ, ಪೂರ್ತಿ ತಣ್ಣಗಾಗ್ಲಿ" ಅಂದರು ಅಪ್ಪ. "ಮತ್ತೆ ಅವರಿಗೆ ಹೇಳು. ಹೆಡ್ ಬೋಲ್ಟು ಹೊರಗಡೆಯಿಂದ ಒಳಗಡೆಗೆ ಬಿಚ್ಚಬೇಕು. ಒಂದನ್ನೇ ಪೂರ್ತಿ ಬಿಚ್ಚಬಾರದು, ಎಲ್ಲಾನೂ ಸ್ವಲ್ಪ ಸ್ವಲ್ಪ."