ಸದ್ದು ಮಾಡದ ಕೀಗಳು

ಜುಲೈ 14, ಭಾನುವಾರ
ದಾವಣಗೆರೆ

ಬೆಳಗ್ಗೆ ಬೆಣ್ಣೆದೋಸೆ, ಮಧ್ಯಾಹ್ನ ನಿದ್ದೆ. ಅದನ್ನೇನು ಬರೆಯೋದು.

ಸಂಜೆ ಕೀಬೋರ್ಡ್ ಮುಂದೆ ಕೂತೆ. ಒಂದು ತಿಂಗಳಿಂದ ಹಂಗೇರಿ ಮೂಲದ ಸಂಗೀತ ರಚನೆಕಾರ ಲಿಗೆಟಿಯ ಪಿಯಾನೊ ಎಟ್ಯೂಡ್‌ಗಳ ಹುಚ್ಚು ಹಿಡಿದಿದೆ. 1985ರಿಂದ 2001ರವರೆಗೆ ಬರೆದದ್ದು, ಮೂರು ಪುಸ್ತಕ, ಒಟ್ಟು 18. ಹೆಸರಿಗೆ ಅಭ್ಯಾಸದ ಪಾಠ, ನುಡಿಸಲು ಹೋದರೆ ಬೆವರು ಇಳಿಯುತ್ತೆ. ಮೊದಲನೆಯದರಲ್ಲಿ ಬಲಗೈಗೆ ಬರೀ ಬಿಳಿ ಕೀ, ಎಡಗೈಗೆ ಬರೀ ಕಪ್ಪು. ಅದರ ತಂಟೆಗೆ ನಾನು ಹೋಗಿಲ್ಲ. ಹಿಡಿದಿರೋದು ಮೂರನೆಯದು, 'ಟುಷ್ ಬ್ಲೊಕೆ', ಅಂದರೆ ಫ್ರೆಂಚಿನಲ್ಲಿ ತಡೆದ ಕೀಗಳು.

ಒಂದು ಕೈ ಕೆಲವು ಕೀಗಳನ್ನು ಸದ್ದಾಗದ ಹಾಗೆ ಒತ್ತಿ ಹಿಡಿದಿರಬೇಕು. ಇನ್ನೊಂದು ಕೈ ಅವುಗಳ ಮೇಲೇ ಓಡಬೇಕು. ಒತ್ತಿದ್ದನ್ನೇ ಒತ್ತಿದರೆ ಸದ್ದು ಎಲ್ಲಿಂದ ಬರಬೇಕು? ಬೆರಳು ಒಂದೇ ಸಮನೆ ಓಡುತ್ತಿರುತ್ತೆ, ಕಿವಿಗೆ ಮಾತ್ರ ನಡುನಡುವೆ ಹಲ್ಲು ಬಿದ್ದ ಹಾಗೆ. ನನ್ನ ಹಳೇ ಕೀಬೋರ್ಡಿನಲ್ಲಿ ಎಷ್ಟು ಮೆಲ್ಲಗೆ ಒತ್ತಿದರೂ ಸದ್ದು ಬರುತ್ತೆ. ಅದಕ್ಕೇ ವಾಲ್ಯೂಮ್ ಸೊನ್ನೆ ಮಾಡಿ, ಒತ್ತಿ ಹಿಡಿದು, ಆಮೇಲೆ ಏರಿಸುತ್ತೇನೆ. ಕಳ್ಳದಾರಿ. ಅದೂ ಮೊದಲ ಸಾಲಿಗಷ್ಟೇ.

ಅಪ್ಪಾಜಿ ಪಡಸಾಲೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು. ಕೈ ನಿಂತಿತು.

"ಮಷೀನ್ ಕೆಟ್ಟೈತೇನವ್ವಾ?"

"ಇಲ್ಲ ಅಪ್ಪಾಜಿ, ಅದು ಇರೋದೇ ಹಂಗೆ."

"ಇನ್ನೊಂದ್ಸಲ ಬಾರ್ಸು."

ಬಾರಿಸಿದೆ. ಬಲಗಿವಿ ಈ ಕಡೆ ತಿರುಗಿಸಿದರು. ಎಡಗಿವಿ ಮಿಲ್ಲಿಗೇ ಹೋಯಿತು, 28 ವರ್ಷ ಮಗ್ಗದ ಖಾತೆ. ಅಷ್ಟು ಗದ್ದಲದೊಳಗೂ ನೂಲು ಹರಿದು ಯಾವ ಮಗ್ಗ ನಿಂತಿತು ಅಂತ ತಿರುಗಿ ನೋಡದೇ ಹೇಳುತ್ತಿದ್ದರಂತೆ. ಅಮ್ಮ ಹೇಳಿದ ಕಥೆ, ಸ್ವಲ್ಪ ಉಪ್ಪುಖಾರ ಇರಬಹುದು.

"ಅಲ್ಲವ್ವಾ, ಸದ್ದು ಬರ್ಲಿಲ್ಲೋ, ನನಗೆ ಕೇಳ್ಲಿಲ್ಲೋ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ತಿಂಗಳಿಂದ ಇದನ್ನೇ ಬಾರಿಸುತ್ತಿದ್ದೇನೆ. ಅಷ್ಟು ದಿನವೂ ಇವರು ಸುಮ್ನೆ ಕೂತು...

ಹತ್ತಿರ ಕರೆದು ಬೆರಳು ಹಿಡಿದು ಒತ್ತಿಸಿದೆ. ಇದು ಬರುತ್ತೆ. ಇದು ಬರಲ್ಲ. ಇದು ಬರುತ್ತೆ. ಆಮೇಲೆ ಬರದೇ ಇರೋದನ್ನು ತಾವೇ ಎರಡು ಸಲ ಒತ್ತಿ ನೋಡಿದರು.

"ಹೂಂ, ಇದು ನನ್ನ ಕಿವೀದಲ್ಲ ಬಿಡು."

ಕೀ ಮೇಲೆಲ್ಲ ಮಂಡಕ್ಕಿ ಎಣ್ಣೆ. ಬೈದುಕೊಂಡೇ ಒರೆಸಿದೆ.

ರಾತ್ರಿ ಊಟಕ್ಕೆ ಎರಡು ಸಲ ಕರೆದೆ. ಬರಲಿಲ್ಲ. ಟಿವಿ ಜೋರಾಗಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಟಿವಿ ಅಷ್ಟು ಜೋರಾಗಿದ್ದು ಯಾವಾಗಿಂದ, ಅದನ್ನೂ ನಾನು