ಡುಕ್ಲಾದ ಹಿಮಗಾಡಿಯಲ್ಲಿ ಹುಟ್ಟಿದ ಕೂಸು

ಬುಧವಾರ, 7 ಜನವರಿ 2026

ಮೂರು ವರ್ಷಗಳ ಹಿಂದಿನವರೆಗೂ ಯುಕ್ರೇನಿನ ಬಹುಪಾಲು ಆರ್ಥಡಾಕ್ಸ್ ಕ್ರೈಸ್ತರಿಗೆ ಇಂದೇ ಕ್ರಿಸ್ತಜಯಂತಿಯಾಗಿತ್ತು. 2023ರಲ್ಲಿ ಅಲ್ಲಿನ ಸರ್ಕಾರ ಜನವರಿ 7ರ ರಜೆಯನ್ನು ತೆಗೆದು ಹಬ್ಬವನ್ನು ಡಿಸೆಂಬರ್ 25ಕ್ಕೆ ನಿಲ್ಲಿಸಿತು. ಆದರೂ ಈ ತಾರೀಖು ಬಂದಾಗಲೆಲ್ಲ ನನಗೆ ಯುಕ್ರೇನಿನ ಕವಿ ಬೊಹ್ದಾನ್ ಇಹೊರ್ ಆಂಟೊನಿಚ್‌ನ ಎಂಟು ಸಾಲಿನ ಕ್ರಿಸ್ತಜಯಂತಿಯ ಪದ್ಯ ನೆನಪಾಗುತ್ತದೆ.

ಆ ಪದ್ಯದಲ್ಲಿ ದೇವರು ಹುಟ್ಟುವುದು ಬೆತ್ಲೆಹೇಮಿನಲ್ಲಲ್ಲ, ಕಾರ್ಪೇಥಿಯನ್ ಬೆಟ್ಟಗಳಲ್ಲಿ ಬಾಳುತ್ತಿದ್ದ ಲೆಮ್ಕೊ ಎಂಬ ಗುಡ್ಡಗಾಡಿನ ಜನರ ಡುಕ್ಲಾ ಎಂಬ ಪುಟ್ಟ ಪಟ್ಟಣದಲ್ಲಿ. ಅದೂ ಗೋದಲಿಯಲ್ಲಲ್ಲ, ಹಿಮದ ಮೇಲೆ ಜಾರುವ ಗಾಡಿಯಲ್ಲಿ. ಚಿನ್ನ, ಧೂಪ, ರಕ್ತಬೋಳ ಹೊತ್ತ ಮೂಡಣ ದೇಶದ ಜೋಯಿಸರ ಬದಲು ಟೋಪಿ ತೊಟ್ಟ ಲೆಮ್ಕೊಗಳು ಬಂದು ದುಂಡನೆಯ ಚಂದ್ರನನ್ನೇ ಕಾಣಿಕೆಯಾಗಿ ಕೊಡುತ್ತಾರೆ. ಹಿಮಗಾಳಿ ಮನೆಗಳ ಸೂರುಗಳನ್ನು ಸುತ್ತುತ್ತಿರುವಾಗ ಆ ಚಂದ್ರ ಮರಿಯಳ ಅಂಗೈಯಲ್ಲಿ ಹೊನ್ನಿನ ಅಕ್ರೋಟಿನಂತೆ ಕುಳಿತಿರುತ್ತಾನೆ. ಲೆಮ್ಕೊ ಸೀಮೆಯಲ್ಲೇ ಹುಟ್ಟಿ, 1937ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ ತೀರಿಕೊಂಡ ಈ ಕವಿ ಅಷ್ಟು ಕಡಿಮೆ ಮಾತುಗಳಲ್ಲಿ ಸುವಾರ್ತೆಯನ್ನು ತನ್ನ ಊರಿಗೆ ಕರೆತಂದ ಬಗೆಯನ್ನು ನಾನು ಎಷ್ಟು ಸಲ ಓದಿದರೂ ಬೆರಗು ತಗ್ಗುವುದಿಲ್ಲ.

ಯುಕ್ರೇನಿನ ಕಾವ್ಯದ ಜೀವನಾಡಿ ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಜೀತದಾಳಾಗಿ ಹುಟ್ಟಿ 1838ರಲ್ಲಿ ಬಿಡುಗಡೆ ಪಡೆದ ತರಾಸ್ ಶೆವ್ಚೆಂಕೊ, 1859ರಲ್ಲಿ ಬರೆದ ‘ಮರಿಯಾ’ ಕಾವ್ಯದಲ್ಲಿ ಕ್ರಿಸ್ತನ ತಾಯಿಯನ್ನು ಯೋಸೇಫನ ಮನೆಯಲ್ಲಿ ಕೂಲಿಗಿದ್ದ ಬಡ ಹುಡುಗಿಯಾಗಿ ಕಂಡನು. ಧರ್ಮದ ಮಾತನ್ನು ಅದುಮಿಟ್ಟ ಸೋವಿಯತ್ ದಶಕಗಳಲ್ಲಿಯೂ ಈ ಸೆಲೆ ಬತ್ತಲಿಲ್ಲ. 1986ರ ಅಣುಸ್ಥಾವರ ದುರಂತದ ನಂತರವಂತೂ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರಂಥವೇ ಆ ನೆಲದ ಹೆಸರಿನೊಳಗೆ ಕುಳಿತಿರುವುದು ಜನರಿಗೆ ಕಾಣಿಸಿತು: ಚೊರ್ನೋಬಿಲ್ ಎಂಬುದು ಮಾಚಿಪತ್ರೆಯ ಜಾತಿಯ ಒಂದು ಗಿಡದ ಹೆಸರು, ನಮ್ಮ ಕನ್ನಡ ಬೈಬಲಿನಲ್ಲೂ ಆಕಾಶದಿಂದ ಬಿದ್ದು ನೀರನ್ನು ಕಹಿಮಾಡುವ ನಕ್ಷತ್ರದ ಹೆಸರು ಮಾಚಿಪತ್ರೆ.

ಪೂರ್ವ ಯುಕ್ರೇನಿನಲ್ಲಿ 2014ರಲ್ಲಿ ಯುದ್ಧ ಆರಂಭವಾದ ಮರುವರ್ಷ, 2015ರಲ್ಲಿ, ಅಲ್ಲಿಯ ಲುಹಾನ್ಸ್ಕ್ ಪ್ರಾಂತದವನಾದ ಸೆರ್ಹೀ ಝಾದಾನ್ ತನ್ನ ಕವನಸಂಕಲನಕ್ಕೆ ‘ಮರಿಯಳ ಜೀವನ’ ಎಂದು ಹೆಸರಿಟ್ಟನು. ಅದರ ಒಂದು ಪದ್ಯದಲ್ಲಿ ಸೇನೆಯ ಪಾದ್ರಿಯೊಬ್ಬನು ದಾರಿಯಲ್ಲಿ ಬರುತ್ತಿರುವ ಜನರ ಕರಿಯ ಸಾಲನ್ನು ಕಂಡು, ನೀವು ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಇಲ್ಲದ ಊರಿನವರು ನಾವು, ಇನ್ನು ಗುಂಡು ಹೊಡೆಸಿಕೊಳ್ಳಲು ಅಲ್ಲಿ ಯಾರೂ ಉಳಿದಿಲ್ಲವೆಂದು ನಿಮ್ಮವರಿಗೆ ತಿಳಿಸಿ ಎಂದು ಆ ಜನ ಹೇಳುತ್ತಾರೆ. ಇದು ಬೈಬಲಿನ ವಿಮೋಚನಕಾಂಡದಲ್ಲಿ ದಾಸ್ಯದಿಂದ ಹೊರಟ ಇಸ್ರಾಯೇಲರ ಪ್ರಯಾಣವೇ, ಆದರೆ ಮುಂದೆ ವಾಗ್ದತ್ತ ದೇಶವಿಲ್ಲ. ಪಾದ್ರಿಗೂ ಕೊಡಲು ಉತ್ತರವಿಲ್ಲದ ಆ ಕ್ಷಣವನ್ನು ಕವಿ ಯಾವ ಸಾಂತ್ವನದಿಂದಲೂ ಮುಚ್ಚದಿರುವುದರಿಂದಲೇ ಅದು ನನಗೆ ಪ್ರಾಮಾಣಿಕವಾದ ಪ್ರಾರ್ಥನೆಯಂತೆ ಕೇಳಿಸುತ್ತದೆ.

ಇಂದು ಬರೆಯಲು ಕೂತದ್ದು ಇನ್ನೊಬ್ಬನಿಗಾಗಿ. ‘ಬಂಕರಿನ ಕಿಂಡಿಯಿಂದ ಪದ್ಯಗಳು’ ಎಂದು ಅರ್ಥ ಕೊಡುವ ಸಂಕಲನವನ್ನು 2023ರಲ್ಲಿ ಪ್ರಕಟಿಸಿದ ಸೈನಿಕ ಕವಿ ಮಕ್ಸಿಮ್ ಕ್ರಿವ್ತ್ಸೊವ್ 2024ರ ಜನವರಿ 7ರಂದು, ಅಂದರೆ ಹಳೆಯ ಪಂಚಾಂಗದ ಕ್ರಿಸ್ತಜಯಂತಿಯಂದೇ, ರಣರಂಗದಲ್ಲಿ ಸತ್ತನು. ಅವನಿಗೆ ಮೂವತ್ತಮೂರು ವರ್ಷ; ಪರಂಪರೆಯ ಪ್ರಕಾರ ಕ್ರಿಸ್ತನು ಶಿಲುಬೆಗೇರಿದ ವಯಸ್ಸೂ ಅದೇ. ಈ ಹೊಂದಿಕೆಗೆ ಅರ್ಥ ಹಚ್ಚುವ ಧೈರ್ಯ ನನಗಿಲ್ಲ. ಆದರೆ ಸಾಯುವ ಸ್ವಲ್ಪ ಮುನ್ನ ಅವನು ಹಂಚಿಕೊಂಡ ಪದ್ಯದಲ್ಲಿ ಅವನ ತಲೆ ಹೊಲಗಳ ನಡುವಿನ ಒಂದು ಮರಸಾಲಿನಿಂದ ಇನ್ನೊಂದಕ್ಕೆ ಉರುಳಿಹೋಗುತ್ತದೆ. ಹರಿದು ಬಿದ್ದ ಕೈಗಳು ವಸಂತದಲ್ಲಿ ನೇರಳೆ ಬಣ್ಣದ ವಯೊಲೆಟ್ ಹೂಗಳಾಗಿ ಮೊಳೆಯುತ್ತವೆ. ನೆಲಕ್ಕೆ ಬಿದ್ದು ಸತ್ತರೆ ಮಾತ್ರ ಬಹಳ ಫಲ ಕೊಡುವ ಗೋಧಿಯ ಕಾಳನ್ನು ಕುರಿತು ಯೋಹಾನನ ಸುವಾರ್ತೆಯಲ್ಲಿ ಬರುವ ಮಾತನ್ನು ಈ ಸಂಜೆ ಮತ್ತೆ ಓದಿದೆನು. ಕಾಳಿನ ಜಾಗದಲ್ಲಿ ಆ ಎರಡು ಕೈಗಳೇ ಕಾಣುತ್ತಿದ್ದವು.